ನೆರಳೂರಿನಲ್ಲಿ ತವರುಮನೆ ಇಲ್ಲ

ನೆರಳೂರಿನಲ್ಲಿ ಎರಡು ಲಕ್ಷದ ಮೂವತ್ತೊಂದು ಸಾವಿರ ಜನ ಇದ್ದಾರೆ. ಅವರಲ್ಲಿ ಒಬ್ಬರಿಗೂ ಮೈಯಿಲ್ಲ. ತುಮಕೂರಿನ ನಮ್ಮ ಕಚೇರಿಯ ಮೂರನೇ ಮಹಡಿಯಲ್ಲಿ, ಸದಾ ತಣ್ಣಗಿರುವ ಒಂದು ಕೋಣೆಯ ಕಂಪ್ಯೂಟರುಗಳೊಳಗೆ ಅವರ ವಾಸ. ಒಂದು ಇಡೀ ತಾಲ್ಲೂಕಿನ ಹದಿನೈದು ವರ್ಷದ ಆರೋಗ್ಯ ದಾಖಲೆಗಳನ್ನು ಕೃತಕ ಬುದ್ಧಿಗೆ ಉಣಿಸಿ ಅವರನ್ನು ಹುಟ್ಟಿಸಲಾಗಿದೆ. ಒಬ್ಬೊಬ್ಬರಿಗೂ ಹೆಸರು, ವಯಸ್ಸು, ಮನೆ, ಕಾಯಿಲೆ, ಕೋಪತಾಪ ಎಲ್ಲ ಉಂಟು. ನಮ್ಮ ಒಂದು ಸೆಕೆಂಡಿಗೆ ಅಲ್ಲಿ ಒಂದು ತಿಂಗಳು ಕಳೆಯುತ್ತದೆ.

ಸಾಫ್ಟ್‌ವೇರ್ ಮಾಡುವ ಕೆಲಸ ಈಗ ಹೀಗೆ ನಡೆಯುತ್ತದೆ. ಏನು ಬೇಕೆಂದು ನಾವು ನಾಲ್ಕು ಸಾಲು ಹೇಳುತ್ತೇವೆ. ಯಂತ್ರ ಅದನ್ನು ಬರೆದು ನೆರಳೂರಿಗೆ ಇಳಿಸುತ್ತದೆ. ನೆರಳು ಜನ ಅದನ್ನು ಬಳಸುತ್ತಾರೆ, ಗೊಣಗುತ್ತಾರೆ, ತಪ್ಪು ಗುಂಡಿ ಒತ್ತುತ್ತಾರೆ, ಕೆಲವರು ಬೈದು ಬಿಟ್ಟೇಬಿಡುತ್ತಾರೆ. ಯಂತ್ರ ತಿದ್ದಿ ಮತ್ತೆ ಇಳಿಸುತ್ತದೆ. ಒಂದು ಹಗಲಿನಲ್ಲಿ ಮೂರು ಸಾವಿರ ಸುತ್ತು. ನಿಜವಾದ ಮನುಷ್ಯರನ್ನು ಕರೆದು ತೋರಿಸುವ ರಗಳೆಯೇ ಇಲ್ಲ.

ನನ್ನ ಹೆಸರು ರಂಗಲಕ್ಷ್ಮಿ. ಇಪ್ಪತ್ತಾರು ವರ್ಷದಿಂದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಕಸುಬು. ಮೊದಮೊದಲು ಒಂದು ಆ್ಯಪ್ ಆಯಿತೆಂದರೆ ಅದನ್ನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆವು. ಹೂ ಮಾರುವವಳ ಕೈಗೆ ಫೋನ್ ಕೊಟ್ಟು ಬಾಯಿಮುಚ್ಚಿಕೊಂಡು ನೋಡುತ್ತಿದ್ದೆವು. ಒದ್ದೆ ಬೆರಳಿನ ಮಾತನ್ನು ಪರದೆ ಕೇಳುವುದಿಲ್ಲ ಎಂದು ನಾನು ಕಲಿತದ್ದು ಅವಳಿಂದ. ಈಗ ನನ್ನಂಥವರು ಕಂಪನಿಯಲ್ಲಿ ಉಳಿದಿರುವುದು ನಾನೊಬ್ಬಳೇ. ಜನರ ಆರೋಗ್ಯಕ್ಕೆ ಸಂಬಂಧಿಸಿದ ಸಾಫ್ಟ್‌ವೇರ್ ಒಬ್ಬ ಮನುಷ್ಯನ ಸಹಿ ಇಲ್ಲದೆ ಹೊರಗೆ ಹೋಗಕೂಡದು ಎಂಬ ಕಾನೂನು ಇರುವುದರಿಂದ ನನ್ನನ್ನು ಇಟ್ಟುಕೊಂಡಿದ್ದಾರೆ. ಯಂತ್ರ ಕೊಟ್ಟ ವರದಿ ಓದಬೇಕು, ಸಹಿ ಹಾಕಬೇಕು. ನಾನು ಹಾಕುತ್ತಿದ್ದೆ.

‘ಮಡಿಲು’ ಎಂಬುದಕ್ಕೂ ನಾನೇ ಸಹಿ ಹಾಕಿದೆ. ಅದು ಬಸುರಿಯರಿಗಾಗಿ ಮಾಡಿದ ಬಳೆ. ರಕ್ತದೊತ್ತಡ, ಬಾವು, ಮಗುವಿನ ಎದೆಬಡಿತ ಎಲ್ಲವನ್ನೂ ಅದು ಹಗಲಿರುಳು ನೋಡುತ್ತದೆ. ಅಪಾಯ ಕಂಡರೆ ಯಾರನ್ನೂ ಕೇಳದೆ ಆಂಬುಲೆನ್ಸ್ ಕರೆಯುತ್ತದೆ. ಬಳೆ ತೊಟ್ಟವಳು ಎಲ್ಲಿದ್ದಾಳೆಂದು ಮಾತ್ರ ಅದು ಯಾರಿಗೂ ಹೇಳಬಾರದು ಎಂದು ಜಗಳವಾಡಿ ಗೆದ್ದವಳು ನಾನು. ಹೆಂಡತಿ ಎಲ್ಲಿ ಹೋದಳು, ಯಾರ ಮನೆಯಲ್ಲಿ ಕೂತಳು ಎಂದು ಗಂಡ, ಅತ್ತೆ ಫೋನಿನಲ್ಲೇ ಕಾವಲು ಕಾಯುವಂತಾಗಬಾರದಲ್ಲ. ಆ ಜಗಳ ಸರಿಯಾದ ಜಗಳ ಎಂದು ಈಗಲೂ ಹೇಳುತ್ತೇನೆ. ಆದ್ದರಿಂದ ಆಂಬುಲೆನ್ಸು ಹೋಗುವುದು ಹೆಸರು ನೋಂದಾಯಿಸಿದ ವಿಳಾಸಕ್ಕೆ.

ನೆರಳೂರಿನಲ್ಲಿ ಒಂದು ಬಸಿರಿಗೆ ಒಂಬತ್ತು ಸೆಕೆಂಡು. ಲಕ್ಷಾಂತರ ನೆರಳು ಬಸುರಿಯರು ಬಳೆ ತೊಟ್ಟರು, ಹೆತ್ತರು. ಕೊನೆಯ ಸುತ್ತಿನಲ್ಲಿ ಒಬ್ಬಳೂ ಸಾಯಲಿಲ್ಲ. ನಮ್ಮ ಮುಖ್ಯಸ್ಥ ಪೃಥ್ವೀಧರ ಎಲ್ಲರಿಗೂ ಮೈಸೂರುಪಾಕು ಹಂಚಿದ. ಅವನಿಗೆ ಮೂವತ್ನಾಲ್ಕು ವರ್ಷ, ಬಲು ಚುರುಕು, ಕೆಟ್ಟವನಲ್ಲ. ಮೊದಲ ಪ್ರಯೋಗಕ್ಕೆ ನಾನೂರ ಹನ್ನೆರಡು ನಿಜವಾದ ಬಸುರಿಯರಿಗೆ ಬಳೆ ತೊಡಿಸಿದೆವು.

ನಮ್ಮಕ್ಕ ಗಂಗಹನುಮಕ್ಕ ಹಾಲುಗೊಂಡನಹಳ್ಳಿಯ ಆಶಾ ಕಾರ್ಯಕರ್ತೆ. ಆ ಊರೂ ಪ್ರಯೋಗದಲ್ಲಿತ್ತು. ಪ್ರಯೋಗ ಶುರುವಾದ ಮೂರನೇ ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ಅಕ್ಕ ಮುದ್ದೆ ಕಟ್ಟುತ್ತಾ ನನ್ನನ್ನು ಕೆಣಕಿದಳು.

“ಬಾರವ್ವ ದೊಡ್ ಇಂಜಿನಿಯರ್ರು. ನನ್ ಕೆಲ್ಸ ಕಿತ್ಕಂಡು ಊಟಕ್ ಬೇರೆ ಬಂದವ್ಳೆ.”

“ನಾನೇನ್ ಕಿತ್ಕೊಂಡೆ ಅಕ್ಕ?”

“ಬಸುರಿ ಮನೆಗೆ ಹೋಗ್‌ಬ್ಯಾಡಿ, ಫೋನೂ ಮಾಡ್‌ಬ್ಯಾಡಿ, ಎಲ್ಲಾ ಬಳೆ ನೋಡ್ಕಂತೈತೆ ಅಂತ ಮೀಟಿಂಗ್‌ನಾಗೆ ಹೇಳವ್ರೆ. ಮೊನ್ನೆ ಸಿಂಚನನ್ನ ಕಳ್ಸುದ್ರು, ಸೀಮಂತ ಮಾಡಿ. ಮುದ್ದಕ್ಕನಪಾಳ್ಯದ ಕರಿಯಮ್ಮಂಗೆ ಒಂದ್ ಮಾತ್ ಹೇಳಾನ ಅಂದ್ರೆ, ಹಂಗೆಲ್ಲ ಮಾಡಂಗಿಲ್ಲ ಅಂದವ್ರಲ್ಲ, ಸುಮ್ಕಾದೆ.”

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕಳಿಸಿದ್ದು ಎಲ್ಲಿಗೆ, ಕರಿಯಮ್ಮ ಯಾರು, ಅವಳಿಗೇಕೆ ಹೇಳಬೇಕು ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನಾನು ಹುರುಳಿಕಟ್ಟಿನ ಸಾರನ್ನು ಇನ್ನೊಂದು ಸೌಟು ಹಾಕಿಸಿಕೊಂಡೆ. ತಪ್ಪು ಹುಡುಕುವ ಕಸುಬಿನವಳು ನಾನು, ನನ್ನ ಮುಂದೆಯೇ ತಪ್ಪು ಮುದ್ದೆ ಕಟ್ಟಿಕೊಂಡು ಕೂತಿತ್ತು.

ಅದಾದ ಎರಡನೇ ದಿನ, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ಗೋಡೆಯಗಲದ ಪರದೆಯ ಮೇಲೆ ನಾನೂರ ಹನ್ನೆರಡು ಹಸಿರು ಚುಕ್ಕೆಗಳು. ಬಲಗಡೆ ಮೂಲೆಯಲ್ಲಿ ಒಂದು ಅಂಕಿ: ‘ನಿರಾಕರಣೆ: ೧೧’. ಅಂದರೆ ಆಂಬುಲೆನ್ಸ್ ಮನೆಯ ಬಾಗಿಲಿಗೆ ಹೋದರೂ ಹನ್ನೊಂದು ಹೆಂಗಸರು ಬರಲೊಪ್ಪಲಿಲ್ಲ ಎಂದು ಯಂತ್ರದ ಲೆಕ್ಕ. ಆ ಅಂಕಿ ನನ್ನನ್ನು ಒಂದು ವಾರದಿಂದ ಕಾಡುತ್ತಿತ್ತು. ಅವರ ವಿವರ ತೆಗೆದು ನೋಡಿದ್ದೆ. ಹನ್ನೊಂದಕ್ಕೆ ಹನ್ನೊಂದೂ ಚೊಚ್ಚಲ ಬಸುರಿಯರು, ಎಲ್ಲರಿಗೂ ಏಳು ತಿಂಗಳು ತುಂಬಿತ್ತು. ಅವರ ಪುಣ್ಯ, ಹನ್ನೊಂದೂ ಸಣ್ಣ ಏರುಪೇರು, ತಾನಾಗಿಯೇ ಇಳಿದಿತ್ತು.

“ಅರಿವಿನ ಕೊರತೆ ಮೇಡಂ,” ಎಂದಿದ್ದ ಪೃಥ್ವೀಧರ. “ಮೊದಲನೇ ಹೆರಿಗೆ ಅಂದ್ರೆ ಭಯ ಇರುತ್ತೆ. ಆಂಬುಲೆನ್ಸಿಗೆ ಬಾಗಿಲು ತೆಗೆಯಿರಿ ಅಂತ ಒಂದು ಜಾಹೀರಾತು ಮಾಡಿಸೋಣ. ಯಂತ್ರ ಆಗ್ಲೇ ಬರೆದಿಟ್ಟಿದೆ.”

ನಾನು ನೋಡುತ್ತಿದ್ದಂತೆಯೇ ಹನ್ನೊಂದು ಹನ್ನೆರಡಾಯಿತು. ಸಿಂಚನ, ಇಪ್ಪತ್ತೆರಡು ವರ್ಷ, ಹಾಲುಗೊಂಡನಹಳ್ಳಿ. ಬಿ.ಪಿ. ನೂರ ಎಪ್ಪತ್ತಕ್ಕೆ ಏರಿತ್ತು. ಇದು ಸಣ್ಣ ಏರುಪೇರಲ್ಲ, ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ತರುವ ಗರ್ಭನಂಜಿನ ಲಕ್ಷಣ. ಆಂಬುಲೆನ್ಸ್ ಇಪ್ಪತ್ತೆರಡು ನಿಮಿಷದಲ್ಲಿ ಮನೆ ಮುಟ್ಟಿತ್ತು. ಬಾಗಿಲು ತೆರೆದಿರಲಿಲ್ಲ. ಮೂರು ನಿಮಿಷ ಕಾದು ವಾಪಸ್ಸು. ಪ್ರಕರಣ ಮುಕ್ತಾಯ. ಕಾರಣ: ನಿರಾಕರಣೆ.

ಊರಿನ ಹೆಸರು ನೋಡಿ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ಸಿಂಚನ ಯಾಕೆ ಬಾಗಿಲು ತೆಗೀತಿಲ್ಲ? ಸ್ವಲ್ಪ ಹೋಗಿ ನೋಡ್ತೀಯಾ?”

“ಅವ್ಳೆಲ್ಲವ್ಳೆ ಇಲ್ಲಿ? ಭಾನ್ವಾರ ಹೇಳ್ಳಿಲ್ವೇನೆ ನಿಂಗೆ? ಚೊಚ್ಚಲ ಬಾಣಂತನ, ತವ್ರಿಗೆ ಹೋಗವ್ಳೆ. ಮುದ್ದಕ್ಕನಪಾಳ್ಯ. ಅತ್ತೆ ಮಾವ ಕೆಲ್ಸುಕ್ ಹೋಗವ್ರೆ, ಮನೆ ಬೀಗ.”

ಮುದ್ದಕ್ಕನಪಾಳ್ಯ ಅಲ್ಲಿಂದ ನಲವತ್ತಾರು ಕಿಲೋಮೀಟರ್. ಚೊಚ್ಚಲು, ಏಳು ತಿಂಗಳು: ಆ ಹನ್ನೊಂದು ಹೆಂಗಸರೂ ತವರಿನಲ್ಲಿದ್ದರು. ಆಂಬುಲೆನ್ಸ್ ಹನ್ನೊಂದು ಸಲವೂ ಗಂಡನ ಮನೆಯ ಬೀಗಕ್ಕೋ, ಏನೂ ಅರಿಯದ ಅತ್ತೆಗೋ ಮುಖ ತೋರಿಸಿ ವಾಪಸ್ಸು ಬಂದಿತ್ತು; ‘ಅವಳು ಇಲ್ಲಿಲ್ಲ’ ಎಂಬುದಕ್ಕೂ ಯಂತ್ರದಲ್ಲಿ ಇದ್ದದ್ದು ನಿರಾಕರಣೆ ಎಂಬ ಒಂದೇ ಕಾರಣ. ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ ಎಂಬುದು ಈ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ನಾನೂ ಹೋಗಿದ್ದೆ. ಪೃಥ್ವೀಧರನ ಬಸುರಿ ಹೆಂಡತಿಯೂ ಆಗ ತವರಿನಲ್ಲೇ ಇದ್ದಳು, ಶಿರಾದಲ್ಲಿ, ಅವಳಮ್ಮನ ಮನೆಯಲ್ಲಿ.

ಹೊಸ ವಿಳಾಸ ಹಾಕಲು ಹೋದೆ. ಪರದೆಯ ಮೇಲೆ ಅದಕ್ಕೆ ಜಾಗವೇ ಇರಲಿಲ್ಲ. ಆಗ ನೆನಪಾಯಿತು. ವರದಿಯ ನಲವತ್ತೊಂದನೇ ಪುಟದಲ್ಲಿ ಒಂದು ಸಾಲಿತ್ತು: ‘ವಿಳಾಸ ಬದಲಾವಣೆಯ ಗುಂಡಿಯನ್ನು ತೆಗೆಯಲಾಗಿದೆ. ಮೂರು ಸಾವಿರ ಸುತ್ತುಗಳಲ್ಲಿ ಯಾರೂ ಅದನ್ನು ಒತ್ತಿಲ್ಲ.’ ಅದನ್ನು ಓದಿ, ಒಳ್ಳೆಯದಾಯಿತು, ಪರದೆ ಹಗುರವಾಯಿತು ಎಂದುಕೊಂಡು ನಾನು ಸಹಿ ಹಾಕಿದ್ದೆ.

ಯಂತ್ರವನ್ನು ಬಿಟ್ಟು ಅಕ್ಕನೂ ನಾನೂ ಫೋನ್ ಹಿಡಿದೆವು. ನಾನು ಆಂಬುಲೆನ್ಸಿನವರಿಗೆ ಬಾಯಿಮಾತಿನಲ್ಲಿ ದಾರಿ ಹೇಳಿದೆ. ಅದು ಇದ್ದಲ್ಲಿಂದ ಮುದ್ದಕ್ಕನಪಾಳ್ಯಕ್ಕೆ ಮುಕ್ಕಾಲು ಗಂಟೆಯ ಹಾದಿ. ಅಕ್ಕ ಮುದ್ದಕ್ಕನಪಾಳ್ಯದ ಆಶಾ ಕರಿಯಮ್ಮನಿಗೆ ಹೇಳಿದಳು. ಕರಿಯಮ್ಮ ಓಡಿದಳು.

ಸಿಂಚನ ತವರುಮನೆಯ ಜಗಲಿಯ ಮೇಲೆ ಕೂತಿದ್ದಳಂತೆ. ಪಕ್ಕದಲ್ಲಿ ಬಟ್ಟೆಯ ಚೀಲ, ಫ್ಲಾಸ್ಕು, ಆಸ್ಪತ್ರೆಯ ಚೀಟಿಗಳು. ‘ಆಂಬುಲೆನ್ಸ್ ಹೊರಟಿದೆ, ಸಿದ್ಧರಾಗಿರಿ’ ಎಂದು ಬಳೆ ಹೇಳಿತ್ತು. ಅವಳು ಸಿದ್ಧಳಾಗಿ, ತಲೆ ಬಾಚಿಕೊಂಡು, ರಸ್ತೆಯನ್ನೇ ನೋಡುತ್ತಾ ಮುಕ್ಕಾಲು ಗಂಟೆ ಕಾದಿದ್ದಳು. ಬರುತ್ತದೆ ಎಂದು ಹೇಳಿದ್ದು ಬಂದೇ ಬರುತ್ತದೆ ಎಂದು ಅವಳಮ್ಮನೂ ಬೇರೆ ಗಾಡಿ ಹುಡುಕಿರಲಿಲ್ಲ. ನಡುವೆ ಬಳೆ ಇನ್ನೊಂದು ಮಾತು ಹೇಳಿತ್ತು: ‘ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ.’ ಆಮೇಲೆ ಸುಮ್ಮನಾಗಿಬಿಟ್ಟಿತು. ಬೇಡ ಎಂದ ಮೇಲೂ ಬಳೆ ಗುಂಯ್‌ಗುಡುತ್ತಿದ್ದರೆ ನೆರಳೂರಿನ ಹೆಂಗಸರಿಗೆ ರೇಗುತ್ತಿತ್ತಂತೆ. ಆದ್ದರಿಂದ ನಿರಾಕರಣೆಯಾದ ಮೇಲೆ ಎರಡು ಗಂಟೆ ಅದು ಬಾಯಿ ಬಿಡುವುದಿಲ್ಲ. ಇದನ್ನು ಯಂತ್ರ ವರದಿಯಲ್ಲಿ ಸೌಜನ್ಯ ಎಂದು ಬರೆದಿತ್ತು.

ಕರಿಯಮ್ಮ ಆಂಬುಲೆನ್ಸಿಗೆ ಕಾಯದೆ ಟೊಮೇಟೊ ಸಾಗಿಸುವ ಟೆಂಪೊ ಅಡ್ಡಹಾಕಿ ಅವಳನ್ನು ಹತ್ತಿಸಿದಳು. ದಾರಿಯಲ್ಲಿ ಫಿಟ್ಸ್ ಬಂತು, ಎರಡು ಸಲ. ಆಸ್ಪತ್ರೆಯಲ್ಲಿ ಡಾಕ್ಟರು ಸಿಂಚನಳನ್ನು ಉಳಿಸಿದರು. ಮಗು ಉಳಿಯಲಿಲ್ಲ. ಹೆಣ್ಣು ಮಗು. ಅರ್ಧ ಗಂಟೆ ಮೊದಲು ಬಂದಿದ್ದರೆ ಎಂದಷ್ಟೇ ಡಾಕ್ಟರಮ್ಮ ಹೇಳಿದರಂತೆ.

ಆ ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಒಲೆ ಹಚ್ಚಿರಲಿಲ್ಲ. ಯಂತ್ರಕ್ಕೆ ತವರುಮನೆಯೆಂಬುದು ಯಾಕೆ ಗೊತ್ತಾಗಲಿಲ್ಲ ಎಂದು ನಾನು ನನ್ನಷ್ಟಕ್ಕೆ ಒದರುತ್ತಿದ್ದೆ. ಹದಿನೈದು ವರ್ಷದ ದಾಖಲೆ, ಲಕ್ಷಾಂತರ ಬಸಿರು, ಒಬ್ಬಳೂ ಗಂಡನ ಮನೆ ಬಿಟ್ಟು ಕದಲಿಲ್ಲವೆಂದರೆ ಏನರ್ಥ?

ಅಕ್ಕ ಆರಿದ ಒಲೆಯ ಬೂದಿ ಕೆದಕಿದಳು. ಆಮೇಲೆ ಹೇಳಿದಳು.

“ನಾವೇ ಕಣೆ ರಂಗಿ ಸುಳ್ ಬರ್ದಿದ್ದು.”

“ಯಾವ ಸುಳ್ಳು?”

“ಹಳೇ ಆ್ಯಪ್‌ನಾಗೆ ಊರು ಬದ್ಲಾಯ್ಸಕ್ಕೆ ಬತ್ತಿರ್ಲಿಲ್ಲ. ತವ್ರು ಅಂತ ಹಾಕುದ್ರೆ ಫಾರಂ ಕೆಂಪುಗಾಗಿ ನಿಂತ್ಕಂಬುಡದು. ಮ್ಯಾಲಿನವ್ರು ಬೈಯೋರು, ಹುಡ್ಗೀರಿಗೆ ಬರೋ ಸವಲತ್ತೂ ನಿಂತೋಗದು. ಅದ್ಕೆ ಏಳ್ನೇ ತಿಂಗ್ಳು, ಎಂಟ್ನೇ ತಿಂಗ್ಳು, ಎಲ್ಲಾ ಗಂಡನ್ ಮನೇಲೇ ನೋಡ್ದೆ ಅಂತ ತುಂಬ್ತಿದ್ವಿ. ನಾನೊಬ್ಳೇ ಅಲ್ಲ, ಇಡೀ ತಾಲ್ಲೂಕೇ.”

“ಮತ್ತೆ ಅವರನ್ನ ನೋಡ್ತಿದ್ದೋರು ಯಾರು?”

“ಫೋನ್ ಮಾಡ್ತಿದ್ನಲ್ಲ. ನಮ್ ಹುಡ್ಗಿ ನಿಮ್ಮೂರಿಗೆ ಬಂದವ್ಳೆ, ಕಾಲ್ ಊದ್ತೈತೆ, ನೋಡ್ಕಳವ್ವ ಕರಿಯಮ್ಮ ಅಂತ. ಅವ್ರೂರ್ ಹುಡ್ಗಿ ಬಂದ್ರೆ ಅವ್ಳೂ ನಂಗೆ ಮಾಡೋಳು. ಇಷ್ಟ್ ವರ್ಷಕ್ಕೂ ನಾನ್ ಒಂದ್ ಜೀವ ಬಿಟ್ಕೊಟ್ಟಿಲ್ಲ ಕಣೆ.” ಅವಳು ಕೈಯಲ್ಲಿದ್ದ ಫೋನನ್ನು ನೆಲದ ಮೇಲೆ ಬೋರಲು ಇಟ್ಟಳು. “ಈಗ ಫೋನ್ ಮಾಡ್‌ಬ್ಯಾಡ ಅಂದ್ರು, ಮಾಡ್ಲಿಲ್ಲ. ಮಾಡ್ಬೇಕಾಗಿತ್ತು.”

ನನಗೆ ಬಂದ ಸಿಟ್ಟು ಅಕ್ಕನ ಮೇಲಲ್ಲ. ಯಾವನೋ ಕೆಟ್ಟದಾಗಿ ಮಾಡಿದ ಒಂದು ಆ್ಯಪನ್ನು ಹದಿನೈದು ವರ್ಷ ಈ ಹೆಂಗಸರು ತಮ್ಮ ಫೋನುಗಳಿಂದ, ತಮ್ಮ ಕಾಲುಗಳಿಂದ ನಡೆಸಿಕೊಂಡು ಬಂದಿದ್ದರು. ಕಾಗದದ ಮೇಲೆ ಸುಳ್ಳು ಇತ್ತು, ಅದರ ಹಿಂದೆ ಕೆಲಸ ಇತ್ತು. ನಾವು ಬಂದವರು ಸುಳ್ಳನ್ನು ಎತ್ತಿಕೊಂಡು ಅದರಿಂದ ಒಂದು ಊರು ಕಟ್ಟಿದೆವು, ಕೆಲಸವನ್ನು ಹಳೇ ಪದ್ಧತಿ ಎಂದು ನಿಲ್ಲಿಸಿದೆವು. ಒಬ್ಬ ಆಶಾ ಕಾರ್ಯಕರ್ತೆಯನ್ನು ಕರೆದು ಅರ್ಧ ಗಂಟೆ ಕೂರಿಸಿ ಕೇಳಿದ್ದರೆ ಇದು ಗೊತ್ತಾಗುತ್ತಿತ್ತು. ನನ್ನ ಒಡಹುಟ್ಟಿದವಳೇ ಆಶಾ ಆಗಿದ್ದಳು, ನಾನು ಕೇಳಲಿಲ್ಲ. ಇಂಥ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ ಎನಿಸಿತು.

ಗುರುವಾರ ಮೀಟಿಂಗು. ಪೃಥ್ವೀಧರನ ಕಣ್ಣುಗಳು ಕೆಂಪಾಗಿದ್ದವು. ನಿದ್ದೆ ಮಾಡಿರಲಿಲ್ಲ ಎಂದು ಕಾಣುತ್ತದೆ. ಆದರೂ ಅವನ ಮಾತು ಮಾತ್ರ ಎಂದಿನಂತೆ ಇಸ್ತ್ರಿ ಮಾಡಿದ ಹಾಗೇ ಇತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

“ಗುಂಡಿ ವಾಪಸ್ ಹಾಕಿಸಿದ್ದೀನಿ ಮೇಡಂ. ನಾಲ್ಕು ನಿಮಿಷದ ಕೆಲಸ. ನೆರಳೂರಿಗೂ ತವರುಮನೆ ಕೊಡ್ಸಿದ್ದೀನಿ. ಏಳನೇ ತಿಂಗಳು ಬಂದ್ರೆ ಎಲ್ಲಾ ಹೆಂಗಸರೂ ತವರಿಗೆ ಹೋಗ್ತಾರೆ, ಗುಂಡಿ ಒತ್ತುತ್ತಾರೆ. ಮೂರು ಸಾವಿರ ಸುತ್ತು ಆಯ್ತು, ಒಂದೂ ಸಾವಿಲ್ಲ. ಸೋಮವಾರ ಇಡೀ ರಾಜ್ಯಕ್ಕೆ ಬಿಡಬೇಕು. ನಿಮ್ಮ ಸಹಿ ಒಂದು ಬೇಕು.”

“ತಾಯಿ ಇಲ್ಲದ ಹುಡುಗಿ ಯಾವ ತವರಿಗೆ ಹೋಗ್ತಾಳೆ?” ಎಂದೆ. “ತವರಲ್ಲಿ ಜಗಳ ಆದ್ರೆ ಚಿಕ್ಕಮ್ಮನ ಮನೆಗೆ ಹೋಗ್ತಾಳೆ. ಎಂಟನೇ ತಿಂಗಳಲ್ಲಿ ಪ್ರಯಾಣ ಮಾಡಬಾರದು ಅಂತ ಒಂಬತ್ತರವರೆಗೆ ಗಂಡನ ಮನೇಲೇ ಉಳಿಯೋಳೂ ಇದ್ದಾಳೆ. ನೆರಳೂರಿಗೆ ಇದೆಲ್ಲ ಯಾರು ಹೇಳ್ತಾರೆ? ನಮ್ಮಕ್ಕನ್ನ, ಕರಿಯಮ್ಮನ್ನ, ಆ ಹನ್ನೆರಡು ಹೆಣ್ಣುಮಕ್ಕಳನ್ನ ಕರೆಸು. ಒಂದು ತಿಂಗಳು ಅವರ ಜೊತೆ ಕೂತು ಮಾಡೋಣ.”

“ಒಂದು ತಿಂಗಳಾ?” ಅವನು ನಿಜವಾಗಿಯೂ ಬೆಚ್ಚಿದ. “ನೆರಳೂರಲ್ಲಿ ಅದು ಒಂದು ಸೆಕೆಂಡು ಮೇಡಂ.”

ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

“ಸಿಂಚನಳ ದಾಖಲೆಯಲ್ಲಿ ಈಗ್ಲೂ ನಿರಾಕರಣೆ ಅಂತಿದೆ. ಅದನ್ನಾದ್ರೂ ತಿದ್ದು.”

“ಮುಗಿದ ಪ್ರಕರಣ ತೆರೆಯೋಕೆ ಬರಲ್ಲ. ಯಾರೂ ಆಮೇಲೆ ಕೈಯಾಡಿಸಬಾರದು ಅಂತ ಹಾಗೆ ಮಾಡಿದ್ದೀವಿ. ಲಕ್ಷಾಂತರ ದಾಖಲೆಯಲ್ಲಿ ಅದೊಂದು ಬಿಡಿ ಮೇಡಂ.”

ಅದೊಂದು. ಈ ಪ್ರಯೋಗದ ದಾಖಲೆಗಳನ್ನೆಲ್ಲ ಮುಂದಿನ ವರ್ಷ ಮತ್ತೆ ಯಂತ್ರಕ್ಕೆ ಉಣಿಸುತ್ತಾರೆ. ಅದರಿಂದ ಹೊಸ ನೆರಳೂರು ಹುಟ್ಟುತ್ತದೆ. ಅಲ್ಲಿ ಸಿಂಚನಳ ನೆರಳೂ ಇರುತ್ತದೆ: ಇಪ್ಪತ್ತೆರಡು ವರ್ಷ, ಬಿ.ಪಿ. ನೂರ ಎಪ್ಪತ್ತು, ಬಾಗಿಲಿಗೆ ಬಂದ ಆಂಬುಲೆನ್ಸನ್ನು ಬೇಡವೆಂದು ಕಳಿಸಿದವಳು. ಅವಳನ್ನು ನೋಡಿ ಯಂತ್ರ ಕಲಿಯುತ್ತದೆ, ಚೊಚ್ಚಲ ಬಸುರಿಯರು ಹಟಮಾರಿಗಳು ಎಂದು. ಆಮೇಲೆ ಅಂಥವರಿಗೆ ಆಂಬುಲೆನ್ಸನ್ನು ಕೊಂಚ ತಡವಾಗಿ ಕಳಿಸಿದರೂ ನಡೆಯುತ್ತದೆ ಎಂದು ತೀರ್ಮಾನಿಸಿದರೆ ಕೇಳುವವರು ಯಾರು? ಅಕ್ಕನ ಸುಳ್ಳಿನ ಹಿಂದೆ ಒಂದು ಫೋನ್ ಕರೆಯಾದರೂ ಇತ್ತು. ಈ ಸುಳ್ಳಿನ ಹಿಂದೆ ಏನೂ ಇಲ್ಲ.

ಭಾನುವಾರ ಅಕ್ಕನ ಜೊತೆ ಮುದ್ದಕ್ಕನಪಾಳ್ಯಕ್ಕೆ ಹೋದೆ. ಸಿಂಚನ ಆಸ್ಪತ್ರೆಯಿಂದ ಹಿಂದಿನ ದಿನವಷ್ಟೇ ಬಂದಿದ್ದಳು. ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ತಲೆಗೆ ಬಟ್ಟೆ ಕಟ್ಟಿದ್ದರು. ಬಾಣಂತಿಗೆ ಮಾಡುವ ಉಪಚಾರವನ್ನೆಲ್ಲ ಅವಳಮ್ಮ ಮಾಡುತ್ತಲೇ ಇದ್ದಳು, ಮಗು ಇಲ್ಲದಿದ್ದರೂ. ಕೈಯಲ್ಲಿ ಸೀಮಂತದ ಹಸಿರು ಬಳೆಗಳು ಹಾಗೇ ಇದ್ದವು. ನಮ್ಮ ಬಳೆಯನ್ನು ತೆಗೆದು ಗೂಡಿನಲ್ಲಿಟ್ಟಿದ್ದಳು.

ನಾನು ಯಾರೆಂದು ಹೇಳಿದೆ. ಆ ಬಳೆಗೆ ಸಹಿ ಹಾಕಿದವಳು ನಾನೇ ಎಂದೂ ಹೇಳಿದೆ. ಅವಳಮ್ಮ ನನ್ನ ಮುಖ ನೋಡಿ ಒಳಗೆ ಎದ್ದುಹೋದಳು, ನೀರು ಕೊಡಲಿಲ್ಲ. ನನಗೆ ಅದು ಸರಿಯೆಂದೇ ತೋರಿತು.

ಸಿಂಚನ ಬಯ್ಯಲಿಲ್ಲ. ಗೂಡಿನಿಂದ ಬಳೆಯನ್ನು ತರಿಸಿ ನನ್ನ ಕೈಗಿಟ್ಟಳು. ಅದರ ಪುಟ್ಟ ಪರದೆಯ ಮೇಲೆ ಕೊನೆಯ ಮಾತು ಇನ್ನೂ ನಿಂತಿತ್ತು: ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ.

“ಅಕ್ಕ, ಆಸ್ಪತ್ರೇಲೂ ಎಲ್ರೂ ಇದ್ನೇ ಕೇಳುದ್ರು,” ಎಂದಳು. “ಆಂಬುಲೆನ್ಸು ಬಂದ್ರೂ ನೀನ್ ಬ್ಯಾಡ ಅಂದ್ಯಂತಲ್ಲ ಅಂತ. ನಮ್ಮತ್ತೇನೂ ಕೇಳುದ್ರು. ನಾನ್ ಜಗ್ಲಿ ಮ್ಯಾಲೆ ಕೂತಿದ್ದೆ. ಚೀಲ ಇಟ್ಕಂಡು ಕೂತಿದ್ದೆ. ನಾನ್ ಯಾವಾಗ ಬ್ಯಾಡ ಅಂದೆ?”

ಅಕ್ಕ ಅವಳ ಪಕ್ಕ ಕೂತು ಹಸಿರು ಬಳೆಗಳ ಮೇಲೆ ಕೈ ಇಟ್ಟಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪರದೆಯ ಮೇಲೆ ಸಹಿಯ ಪುಟ ತೆರೆದುಕೊಂಡಿತು. ಪಕ್ಕದಲ್ಲಿ ಪೃಥ್ವೀಧರ ನಿಂತಿದ್ದ. ‘ಸಹಿ ಮಾಡುತ್ತೇನೆ’ ಎಂಬ ಗುಂಡಿ ಅಂಗೈಯಗಲ ಇತ್ತು. ‘ಮಾಡುವುದಿಲ್ಲ’ ಎಂಬುದನ್ನು ಹುಡುಕಬೇಕಾಯಿತು, ಅದನ್ನೂ ಇಷ್ಟು ದಿನ ಯಾರೂ ಒತ್ತಿರಲಿಲ್ಲ. ಒತ್ತಿದೆ. ಕಾರಣ ಬರೆಯಿರಿ ಎಂದಿತು. ‘ನಾನ್ ಯಾವಾಗ ಬ್ಯಾಡ ಅಂದೆ?’ ಎಂದು ಸಿಂಚನಳ ಮಾತನ್ನು ಹಾಗೆಯೇ ಬರೆದೆ.

ಈ ಕಾರಣ ಮಾನ್ಯವಲ್ಲ, ಪಟ್ಟಿಯಿಂದ ಆರಿಸಿ ಎಂದಿತು ಯಂತ್ರ.

“ಮೇಡಂ, ಯೋಚನೆ ಮಾಡಿ,” ಎಂದ ಪೃಥ್ವೀಧರ ಮೆಲ್ಲಗೆ. “ನೀವು ಹಾಕದಿದ್ರೆ ಇನ್ನೊಬ್ಬರನ್ನ ತರ್ತಾರೆ.”

“ತರ್ಲಿ. ಬಂದೋರು ಮೊದ್ಲು ನನ್ನ ಈ ದಾಖಲೆ ಓದ್ಲಿ.”

ಪಟ್ಟಿ ತೆರೆದೆ. ಅನಾರೋಗ್ಯ, ರಜೆ, ತಾಂತ್ರಿಕ ದೋಷ. ಕೊನೆಯಲ್ಲಿ ಇನ್ನೊಂದಿತ್ತು: ನಿರಾಕರಣೆ. ಅದನ್ನು ಒತ್ತಿ ಹೆಸರು ಬರೆದೆ. ಯಾರ ನಿರಾಕರಣೆಯಾದರೂ ಯಂತ್ರಕ್ಕೆ ಒಂದೇ ಲೆಕ್ಕ: ಗೋಡೆಯ ಪರದೆಯ ಮೂಲೆಯಲ್ಲಿ ಹನ್ನೆರಡು ಇದ್ದ ಅಂಕಿ ಹದಿಮೂರಾಯಿತು. ಈ ದಾಖಲೆಯನ್ನೂ ಇನ್ನು ಯಾರೂ ತಿದ್ದುವಂತಿಲ್ಲ. ಹದಿಮೂರರಲ್ಲಿ ನಿಜವಾಗಿ ಬೇಡ ಎಂದವಳು ನಾನೊಬ್ಬಳೇ.